ಗ್ಯಾರೇಜಿನ ಕೋಣೆಗೆ ಇನ್ನೊಂದು ಅಡಿ ಎತ್ತರದ ನೆಲ ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ‘ಹೌಸ್ ಹ್ಯಾಕಿಂಗ್’ ಬಗ್ಗೆ ಬಂದ ಬರಹ ಓದಿದೆ. ಮನೆ ಕೊಳ್ಳುವುದು, ಅದರಲ್ಲೇ ತಾವೂ ಇರುವುದು, ಹಿತ್ತಲಿನ ಗ್ಯಾರೇಜನ್ನು ಚಿಕ್ಕ ಮನೆ ಮಾಡಿ ಬಾಡಿಗೆಗೆ ಕೊಟ್ಟು ಆ ದುಡ್ಡಿನಲ್ಲಿ ಸಾಲದ ಕಂತು ಕಟ್ಟುವುದು. ಬರಹ ಚೆನ್ನಾಗಿತ್ತು. ಆದರೆ ಅದನ್ನು ಓದಿದ ಮೇಲೆ ಪುಣೆಯಲ್ಲಿ ಹಳೇ ಬಂಗಲೆ ಇರುವ ನಮ್ಮ ಕನ್ನಡದವರೇ ನಾಲ್ಕು ಜನ ನನಗೆ ಫೋನ್ ಮಾಡಿ, ‘ನೀವು ಗ್ಯಾರೇಜು ಬಾಡಿಗೆಗೆ ಕೊಟ್ಟಿದ್ರಲ್ಲ, ಎಷ್ಟು ಖರ್ಚಾಯ್ತು, ಯಾರು ಮಾಡಿಕೊಟ್ರು’ ಅಂತ ಕೇಳಿದರು. ಫೋನಿನಲ್ಲಿ ಹೇಳಿದ್ದು ಸಾಲದು ಅನಿಸಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮದು ಸಹಕಾರನಗರದಲ್ಲಿ ಒಂದು ಹಳೇ ಬಂಗಲೆ. ನಮ್ಮ ಮಾವನವರು ಧಾರವಾಡದಿಂದ ಇಲ್ಲಿಗೆ ಬಂದು ಸೊಸೈಟಿಯಲ್ಲಿ ಪ್ಲಾಟು ತೆಗೆದುಕೊಂಡು ಕಟ್ಟಿಸಿದ್ದು. ಹಿಂದಿನ ಮೂಲೆಯಲ್ಲಿ, ಮನೆಯಿಂದ ಬೇರೆಯಾಗಿ, ಕಾಂಪೌಂಡ್ ಗೋಡೆಗೆ ಅಂಟಿಕೊಂಡು ಗ್ಯಾರೇಜು. 10 ಅಡಿ ಅಗಲ, 20 ಅಡಿ ಉದ್ದ, 8 ಅಡಿ ಎತ್ತರ, ಮೇಲೆ ಸಿಮೆಂಟ್ ಶೀಟು. ನೆಲಕ್ಕೆ ಶಹಾಬಾದಿನ ಫರಶಿ ಕಲ್ಲು. 1983ರಲ್ಲಿ ಅಲ್ಲಿ ಫಿಯಾಟ್ ನಿಲ್ಲುತ್ತಿತ್ತು. 2009ರಲ್ಲಿ ಅದನ್ನು ಮಾರಿದೆವು. ಆಮೇಲೆ ಅಲ್ಲಿ ಹಳೇ ಕಪಾಟು, ಮಕ್ಕಳ ಸೈಕಲ್ಲು, ಪೇಂಟಿನ ಡಬ್ಬಿ. ಈಗಿನ ಕಾರು ಆ ಬಾಗಿಲಿನಲ್ಲಿ ಹೋದರೂ ಒಳಗೆ ಹೋಗಿ ಕಾರಿನ ಬಾಗಿಲು ತೆಗೆಯಲು ಜಾಗ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಇಂಥ ಗ್ಯಾರೇಜು ಎಷ್ಟೋ ಇವೆ. ಕಾರು ಇಟ್ಟಿರುವುದು ಒಂದರಲ್ಲೂ ಇಲ್ಲ. ಕಾರುಗಳೆಲ್ಲ ರಸ್ತೆ ಮೇಲೆ.

ಯಜಮಾನರು ರಿಟೈರ್ ಆದರು. ಖಾಸಗಿ ಕಂಪನಿಯ ನೌಕರಿ, ಪಿಂಚಣಿ ತಿಂಗಳ ಔಷಧಿಗೂ ಸಾಲುವುದಿಲ್ಲ. ಅದೇ ಹೊತ್ತಿಗೆ, 2017ರಲ್ಲಿ, ನಮ್ಮ ಕಡೆಯ ಮೇಸ್ತ್ರಿ ಒಬ್ಬರು ಮನೆಗೆ ಬಂದು ಗ್ಯಾರೇಜು ನೋಡಿದರು. ‘ಅಮ್ಮಾ, ಇದನ್ನ ಸುಮ್ನೆ ಯಾಕ ಬಿಟ್ಟೀರಿ, ಒಂದು ತಿಂಗಳಲ್ಲಿ ಕೋಣೆ ಮಾಡಿಕೊಡ್ತೀನಿ, ಒಳಗಿನ ಕೆಲಸಕ್ಕೆ ಪರ್ಮಿಷನ್ ಗಿರ್ಮಿಷನ್ ಏನೂ ಬೇಡ’ ಅಂದರು. ನಾವು ಒಪ್ಪಿದೆವು. ಶಟರ್ ತೆಗೆದು ಗೋಡೆ ಕಟ್ಟಿ ಬಾಗಿಲು ಇಟ್ಟರು. ಒಂದು ಮೂಲೆಯಲ್ಲಿ ಬಚ್ಚಲು ಮತ್ತು ಸಂಡಾಸು, ಇನ್ನೊಂದು ಮೂಲೆಯಲ್ಲಿ ಅಡುಗೆ ಕಟ್ಟೆ. 2,80,000 ರೂಪಾಯಿ ಆಯಿತು. ನೋಡಲು ಚೆಂದ ಇತ್ತು. ಗೋಡೆಗೆ ತಿಳಿ ನೀಲಿ ಬಣ್ಣ ನಾನೇ ಆರಿಸಿದ್ದೆ.

ಬಾಡಿಗೆಗೆ ಬಂದವಳು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಹುಡುಗಿ. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅದಕ್ಕೂ ಮೊದಲು ಆರು ಹುಡುಗಿಯರಿರುವ ಒಂದು ಹಾಲಿನಲ್ಲಿ ಕಾಟ್ ಬೇಸಿಸ್ ಮೇಲೆ ಇದ್ದಳು. ಒಂದು ಮಂಚ, ಮಂಚದ ಕೆಳಗೆ ಒಂದು ಟ್ರಂಕು, ಅಷ್ಟೇ ಅವಳ ಜಾಗ. ಕನ್ನಡ ಮಾತಾಡುವ ಮನೆ ಸಿಕ್ಕಿತು ಅಂತ ಅವಳಿಗೂ ಖುಷಿ, ನಮಗೂ ಖುಷಿ. ತಿಂಗಳಿಗೆ 5,500 ರೂಪಾಯಿ, ನಗದು. ಒಪ್ಪಂದ ಪತ್ರ ಇಲ್ಲ, ರಸೀದಿ ಇಲ್ಲ. ‘ನಮ್ಮ ಹುಡುಗಿ ಅಲ್ವಾ, ಕಾಗದ ಯಾಕೆ’ ಅಂದುಕೊಂಡೆವು. ನಮ್ಮ ಮನೆಯ ತೆರಿಗೆಯಲ್ಲಿ ಸ್ವಂತ ವಾಸಕ್ಕೆ ಅಂತ ಪಾಲಿಕೆ ಕೊಡುವ 40% ರಿಯಾಯಿತಿಯನ್ನೂ ಹಾಗೇ ತೆಗೆದುಕೊಳ್ಳುತ್ತಿದ್ದೆವು. ಇದು ತಪ್ಪು. ಆಗ ಗೊತ್ತಿರಲಿಲ್ಲ ಅಂತ ಹೇಳುವುದಿಲ್ಲ, ಅರ್ಧ ಗೊತ್ತಿತ್ತು.

ಮೊದಲ ಬೇಸಿಗೆಯಲ್ಲೇ ಅವಳ ಕಷ್ಟ ಕಣ್ಣಿಗೆ ಬಿತ್ತು. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು ಹಗಲು ಮಲಗಬೇಕು. ಪುಣೆಯ ಏಪ್ರಿಲ್ ಬಿಸಿಲು, ತಲೆ ಮೇಲೆ ಸಿಮೆಂಟ್ ಶೀಟು. ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ನೋಡಿದೆ, ಬೆಡ್‌ಶೀಟು ನೀರಿನಲ್ಲಿ ಅದ್ದಿ ಹಿಂಡಿ ಹೊದ್ದುಕೊಂಡು ಮಲಗಿದ್ದಳು. ಕಿಟಕಿ ಒಂದೇ, ಅದೂ ಬಾಗಿಲಿನ ಪಕ್ಕಕ್ಕೆ. ಹಿಂದಿನ ಗೋಡೆಗೆ ಕಿಟಕಿ ಇಡುವ ಹಾಗಿಲ್ಲ, ಅದು ಪಕ್ಕದವರ ಕಾಂಪೌಂಡು. ಹಗಲಿನಲ್ಲೂ ಲೈಟ್ ಹಾಕಿಕೊಂಡೇ ಓದಬೇಕು. ಸಂಡಾಸಿನ ಪೈಪು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಯಾಕೆ ಅಂತ ಆಮೇಲೆ ತಿಳಿಯಿತು, ಅದನ್ನು ಮುಂದೆ ಹೇಳುತ್ತೇನೆ.

2019ರ ಸೆಪ್ಟೆಂಬರ್ 25ರ ರಾತ್ರಿ. ಪುಣೆಯವರು ಯಾರೂ ಮರೆತಿರಲಿಕ್ಕಿಲ್ಲ. ಕಾತ್ರಜ್ ಗುಡ್ಡದ ಕಡೆಯಿಂದ ಹರಿದು ಬರುವ ಅಂಬಿಲ್ ಓಢಾ (ಓಢಾ ಅಂದರೆ ಹಳ್ಳ) ಉಕ್ಕಿ, ಸಹಕಾರನಗರ, ಪದ್ಮಾವತಿ, ಅರಣ್ಯೇಶ್ವರದ ಕಡೆಯೆಲ್ಲ ನೀರು ನುಗ್ಗಿತು. ಕಾಂಪೌಂಡ್ ಗೋಡೆ ಕುಸಿದು, ನೀರಿನಲ್ಲಿ ಕೊಚ್ಚಿಹೋಗಿ ಎಷ್ಟೋ ಜನ ಸತ್ತರು. ನಮ್ಮ ಬೀದಿಯಲ್ಲಿ ತಳದಲ್ಲಿದ್ದ ಸ್ಕೂಟರುಗಳು ತೇಲುತ್ತಿದ್ದವು. ನಮ್ಮ ದೊಡ್ಡ ಮನೆಯ ಪ್ಲಿಂತ್, ಅಂದರೆ ಮನೆ ನಿಂತಿರುವ ಕಟ್ಟೆ, ಅಂಗಳದ ನೆಲದಿಂದ ಎರಡು ಅಡಿ ಮೇಲಿದೆ. ನೀರು ಮೇಲಿನ ಮೆಟ್ಟಿಲಿಗೆ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು. ನಾವು ಒಳಗೆ ನಿಂತು ನೋಡುತ್ತಿದ್ದೆವು, ಒಂದು ಹನಿ ಒಳಗೆ ಬರಲಿಲ್ಲ. ಗ್ಯಾರೇಜಿನ ನೆಲ ಅರ್ಧ ಅಡಿ ಮಾತ್ರ ಮೇಲಿದೆ. ಅಲ್ಲಿ ಮೊಣಕಾಲುದ್ದ ನೀರು.

ಆ ಹುಡುಗಿಗೆ ಅವತ್ತು ನೈಟ್ ಡ್ಯೂಟಿ ಇತ್ತು. ಅದೊಂದೇ ಕಾರಣಕ್ಕೆ ಅವಳು ಉಳಿದಳು ಅಂತ ನಾನು ಇವತ್ತಿಗೂ ನಂಬಿದ್ದೇನೆ. ಯಾಕೆ ಹೇಳುತ್ತೇನೆ ಕೇಳಿ. ಮೇಸ್ತ್ರಿ ಸ್ವಿಚ್ಚಿನ ಬೋರ್ಡನ್ನು ಮಂಚದ ಪಕ್ಕದಲ್ಲಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಇಟ್ಟಿದ್ದರು, ಮಲಗಿಕೊಂಡೇ ಫೋನ್ ಚಾರ್ಜ್ ಮಾಡಬಹುದು ಅಂತ. ನೀರು ಆ ಬೋರ್ಡನ್ನು ಪೂರ್ತಿ ಮುಳುಗಿಸಿತ್ತು. ಅರ್ತಿಂಗ್ ಸರಿ ಇರಲಿಲ್ಲ. ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ ಆರ್‌ಸಿಸಿಬಿ ಇರಲಿಲ್ಲ. ನಿದ್ದೆಗಣ್ಣಿನಲ್ಲಿ ಮಂಚದಿಂದ ಕಾಲು ಕೆಳಗೆ ಇಟ್ಟಿದ್ದರೆ?

ಬೆಳಿಗ್ಗೆ ಅವಳು ಬಂದು ಬಾಗಿಲು ತೆಗೆದಳು. ಒದ್ದೆ ಟ್ರಂಕಿನಿಂದ ಮೊದಲು ಹೊರಗೆ ತೆಗೆದದ್ದು ಪ್ಲಾಸ್ಟಿಕ್ ಕವರು. ಅದರಲ್ಲಿ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೋರ್ಸಿನ ಸರ್ಟಿಫಿಕೇಟು, ಕೌನ್ಸಿಲ್ ರಿಜಿಸ್ಟ್ರೇಷನ್. ಕವರಿನೊಳಗೂ ಕೆಸರು ನೀರು ಹೋಗಿತ್ತು. ನಮ್ಮ ಅಡುಗೆ ಮನೆಯಲ್ಲಿ ಒಂದೊಂದೇ ಹಾಳೆಯನ್ನು ಹಳೇ ಪಂಚೆಯ ಮಡಿಕೆಯಲ್ಲಿಟ್ಟು, ಬಿಸಿ ಜಾಸ್ತಿ ಆಗದ ಹಾಗೆ ಇಸ್ತ್ರಿ ಪೆಟ್ಟಿಗೆ ಆಡಿಸಿದಳು. ಅಂಟಿಕೊಂಡ ಎರಡು ಹಾಳೆ ಬಿಡಿಸುವಾಗ ಕೈ ನಡುಗುತ್ತಿತ್ತು. ಒಂದರ ಸೀಲು ನೀಲಿ ಕಲೆಯಾಗಿ ಹರಡಿಹೋಗಿತ್ತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ, ಏನು ಹೇಳಬೇಕು ಗೊತ್ತಾಗಲಿಲ್ಲ.

ನಾಲ್ಕೈದು ದಿನದಲ್ಲಿ ನಷ್ಟದ ಪಂಚನಾಮೆಗೆ ಸರ್ಕಾರದವರು ಬಂದರು. ಇಲ್ಲಿ ಯಾರು ಇದ್ದದ್ದು, ಪುರಾವೆ ಏನು ಅಂತ ಕೇಳಿದರು. ಅವಳ ಹೆಸರಿನಲ್ಲಿ ಆ ವಿಳಾಸದ ಒಂದು ಚೀಟಿಯೂ ಇಲ್ಲ. ಕಾಗದದಲ್ಲಿ ಅದು ಗ್ಯಾರೇಜು, ಅವಳು ಅಲ್ಲಿ ಇರಲೇ ಇಲ್ಲ. ಅವಳಿಗೆ ಏನೂ ಸಿಗಲಿಲ್ಲ. ಬಂದವರ ಮೇಲೆ ನನಗೆ ಸಿಟ್ಟಿಲ್ಲ, ತಪ್ಪು ನಮ್ಮದು. ಅವಳ ಡೆಪಾಸಿಟ್ಟು ವಾಪಸ್ ಕೊಟ್ಟು ಅದರ ಮೇಲೆ ಒಂದಿಷ್ಟು ಸೇರಿಸಿ ಕೊಟ್ಟೆವು. ಅವಳು ಬೇರೆ ಕಡೆ ಹೋದಳು. ಅವತ್ತಿನಿಂದ ಆ ಕೋಣೆಯನ್ನು ಯಾರಿಗೂ ಕೊಟ್ಟಿಲ್ಲ.

ಸಂಪಾದಕರೇ, ಇಷ್ಟಾದ ಮೇಲೆ ‘ಗ್ಯಾರೇಜು ಬಾಡಿಗೆಗೆ ಕೊಡಲೇಬಾರದು’ ಅಂತ ನಾನು ಬರೆಯಬಹುದಿತ್ತು. ಆದರೆ ಯೋಚನೆ ಮಾಡಿದಷ್ಟೂ ನನಗೆ ಅದು ಸರಿ ಅನಿಸುವುದಿಲ್ಲ. ಕಲಬುರಗಿ, ವಿಜಯಪುರ, ಬೆಳಗಾವಿ, ಬೀದರ್ ಕಡೆಯಿಂದ ಹುಡುಗ ಹುಡುಗಿಯರು ಪುಣೆಗೆ ಬರುವುದು ನಿಲ್ಲುವುದಿಲ್ಲ. ಹಿಂಜವಡಿ, ಖರಾಡಿಯ ಕಂಪನಿಗಳಿಗೆ, ಆಸ್ಪತ್ರೆಗಳಿಗೆ, ಸದಾಶಿವ ಪೇಠೆಯ ಓದುವ ಕೋಣೆಗಳಿಗೆ ಬರುತ್ತಾರೆ. ಅವರಿಗೆ ಕೋಣೆ ಬೇಕು. ಅತ್ತ ಹಳೇ ಬಂಗಲೆಗಳಲ್ಲಿ ಇಬ್ಬರೇ ಇಬ್ಬರು ವಯಸ್ಸಾದವರು, ಖಾಲಿ ಗ್ಯಾರೇಜು, ಕಡಿಮೆ ಪಿಂಚಣಿ. ಮನೆ ಹಿಂದೆ ಬಾಡಿಗೆಯವರನ್ನು ಇಟ್ಟುಕೊಳ್ಳುವುದು ನಮಗೇನು ಹೊಸದಾ? ಬೆಂಗಳೂರು ಮೈಸೂರಿನ ವಠಾರ, ಪುಣೆಯ ವಾಡೆ ಎಲ್ಲ ಇದೇ ಅಲ್ವಾ. ಇಂಗ್ಲಿಷ್ ಹೆಸರು ಈಗ ಬಂದಿದೆ ಅಷ್ಟೇ. ಈಗಲೂ ಸಹಕಾರನಗರದಲ್ಲಿ, ಪರ್ವತಿಯಲ್ಲಿ, ಕರ್ವೇನಗರದಲ್ಲಿ ಎಷ್ಟೋ ಗ್ಯಾರೇಜುಗಳಲ್ಲಿ ಜನ ವಾಸ ಇದ್ದಾರೆ, ನಾನು ನೋಡಿದ್ದೇನೆ. ಎಲ್ಲವೂ ಗುಟ್ಟಾಗಿ. ಗುಟ್ಟಾಗಿರುವುದೇ ಅಪಾಯ. ಯಾಕೆಂದರೆ ಗುಟ್ಟಿನ ಕೋಣೆಯ ನೆಲ ಎತ್ತರಿಸುವಂತಿಲ್ಲ, ಮಾಡು (ಚಾವಣಿ) ಏರಿಸುವಂತಿಲ್ಲ, ಹಾಗೆ ಮಾಡಿದರೆ ಹೊರಗೆ ಕಾಣುತ್ತದಲ್ಲ!

ಇದು ನನಗೆ ತಿಳಿದದ್ದು ಪ್ರವಾಹ ಆದ ಮೇಲೆ ಒಬ್ಬ ಆರ್ಕಿಟೆಕ್ಟ್ ಹತ್ತಿರ ಹೋದಾಗ. ಅವರು ನಮ್ಮ ಹಳೇ ನಕ್ಷೆ ಬಿಡಿಸಿ ಮೇಜಿನ ಮೇಲೆ ಇಟ್ಟು, ಪೆನ್ಸಿಲ್ಲಿನಿಂದ ತೋರಿಸಿ ಹೇಳಿದ್ದನ್ನು ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ.

ವಾಸದ ಕೋಣೆಯ ನೆಲ ಸುತ್ತಲಿನ ಜಮೀನಿಗಿಂತ 45 ಸೆಂಟಿಮೀಟರ್ ಮೇಲಿರಬೇಕು, ಅಂದರೆ ಒಂದೂವರೆ ಅಡಿ. ಗ್ಯಾರೇಜಿಗೆ 15 ಸೆಂಟಿಮೀಟರ್ ಸಾಕು. ಕಾರು ಹತ್ತಬೇಕಲ್ಲ, ಅದಕ್ಕೆ. ವಾಸದ ಕೋಣೆಯ ಎತ್ತರ 2.75 ಮೀಟರ್, ಸುಮಾರು 9 ಅಡಿ. ಗ್ಯಾರೇಜಿಗೆ 2.4 ಮೀಟರ್, 8 ಅಡಿ. ಒಂಟಿ ಕೋಣೆಯ ಅಳತೆ ಕನಿಷ್ಠ 9.5 ಚದರ ಮೀಟರ್, ಅದು ನಮ್ಮ ಗ್ಯಾರೇಜಿನಲ್ಲಿ ಬಚ್ಚಲು, ಅಡುಗೆ ಕಟ್ಟೆ ಕಳೆದ ಮೇಲೂ ಸಿಗುತ್ತದೆ. ತೊಂದರೆ ಇರುವುದು ನೆಲ ಮತ್ತು ಮಾಡಿನಲ್ಲಿ. ನೆಲವನ್ನು ಒಂದು ಅಡಿ ಎತ್ತರಿಸಿದರೆ ಒಳಗೆ ಉಳಿಯುವುದು 7 ಅಡಿ. ಕೈ ಎತ್ತಿದರೆ ಫ್ಯಾನಿಗೆ ತಾಗುತ್ತದೆ. ಹಾಗಾಗಿ ಮಾಡನ್ನು 2 ಅಡಿ ಏರಿಸಲೇಬೇಕು. ಮಾಡು ಏರಿಸಬೇಕಾದರೆ ನಮ್ಮ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ತಡೆಯುವುದಿಲ್ಲ, ನಡುನಡುವೆ ದಪ್ಪ ಕಂಬ ಬೇಕು. ಅಷ್ಟು ಮಾಡಿದರೆ ಸಿಮೆಂಟ್ ಶೀಟಿನ ಬದಲು ಬಿಸಿ ತಡೆಯುವ ಮಾಡು ಹಾಕಬಹುದು, ಮೇಲ್ಭಾಗದಲ್ಲಿ ಗಾಳಿಗೆ ಕಿಂಡಿ ಇಡಬಹುದು.

ಇನ್ನು ಆ ಪೈಪಿನ ವಿಷಯ. ನಮ್ಮ ಚರಂಡಿಯ ಚೇಂಬರು ಮುಂದಿನ ಗೇಟಿನ ಹತ್ತಿರ, ಗ್ಯಾರೇಜಿನಿಂದ 40 ಅಡಿ ದೂರ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಬೇಕು. ನೆಲ ಅಷ್ಟು ತಗ್ಗಿನಲ್ಲಿರುವಾಗ ಆ ಇಳಿಜಾರು ಎಲ್ಲಿಂದ ಬರಬೇಕು? ಮೇಸ್ತ್ರಿ ಪೈಪನ್ನು ಹೆಚ್ಚುಕಡಿಮೆ ಮಟ್ಟಸವಾಗಿ ಹಾಕಿದ್ದರು. ಅದಕ್ಕೇ ತಿಂಗಳಿಗೊಮ್ಮೆ ಕಟ್ಟುತ್ತಿತ್ತು. ನೆಲ ಒಂದು ಅಡಿ ಮೇಲೆ ಹೋದರೆ ಪೈಪಿಗೂ ಇಳಿಜಾರು ಸಿಗುತ್ತದೆ. ಅದೇ ಒಂದು ಅಡಿ ಮಾಮೂಲಿ ಮಳೆ ನೀರನ್ನೂ ಹೊರಗಿಡುತ್ತದೆ, ಸಂಡಾಸಿನ ನೀರನ್ನೂ ಹೊರಗೆ ಕಳಿಸುತ್ತದೆ. ನನಗೆ ಇದು ತಿಳಿದಾಗ ಅಳು ಬಂತು. ಒಂದು ಅಡಿ ಮಣ್ಣು ಮತ್ತು ಕಾಂಕ್ರೀಟಿನ ಮಾತು.

‘ಹಾಗಾದ್ರೆ ಮಾಡಿಬಿಡಿ, ಪರ್ಮಿಷನ್ ತಗೊಂಡೇ ಮಾಡೋಣ’ ಅಂದೆ. ಆಗ ಅವರು ಹೇಳಿದ್ದು ಈ ಪತ್ರದ ಮುಖ್ಯ ವಿಷಯ. ಹಳೇ ಬಂಗಲೆಗಳ ಗ್ಯಾರೇಜು ಇರುವುದು ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ. ಅಲ್ಲಿ ಚಿಕ್ಕ ಗ್ಯಾರೇಜಿಗೆ ವಿನಾಯಿತಿ ಇದೆ, ವಾಸದ ಕೋಣೆಗೆ ಇಲ್ಲ. ಗ್ಯಾರೇಜನ್ನು ಪ್ಲಾಟಿನಲ್ಲಿ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಲೆಕ್ಕದಲ್ಲಿ, ಅಂದರೆ ಎಫ್‌ಎಸ್‌ಐನಲ್ಲಿ, ಹಿಡಿದಿರುವುದಿಲ್ಲ. ಕೋಣೆ ಮಾಡಿದರೆ ಹಿಡಿಯಬೇಕಾಗುತ್ತದೆ. ನಮ್ಮ ಪ್ಲಾಟಿನಲ್ಲಿ ಎಫ್‌ಎಸ್‌ಐ ಬೇಕಾದಷ್ಟು ಉಳಿದಿದೆ, ಆದರೂ ಆ ಜಾಗದಲ್ಲಿ ಆಗುವುದಿಲ್ಲ. ಇನ್ನು 8 ಅಡಿಗಿಂತ ಏರಿಸಿದರೆ ಅದು ಗ್ಯಾರೇಜಾಗಿಯೂ ಉಳಿಯುವುದಿಲ್ಲ. ಅಂದರೆ ಕೋಣೆಯನ್ನು ಮನುಷ್ಯ ಬದುಕುವ ಹಾಗೆ ಮಾಡಬೇಕಾದರೆ ಎತ್ತರಿಸಬೇಕು, ಎತ್ತರಿಸಿದರೆ 1966ರ ನಗರ ಯೋಜನೆ ಕಾಯ್ದೆಯಲ್ಲಿ ನೋಟಿಸು ಬರಬಹುದು, ತೆರಿಗೆಯ ಜೊತೆ ದಂಡವೂ ಬೀಳಬಹುದು. ಪಕ್ಕದ ಪಿಂಪರಿ-ಚಿಂಚವಡದಲ್ಲಿ ಅನಧಿಕೃತ ಕಟ್ಟಡದ ಈ ದಂಡಕ್ಕೆ ‘ಶಾಸ್ತಿ ಕರ’ ಅಂತಲೇ ಹೆಸರು, ಆ ಮಾತು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತರಿಸದೆ, ತಗ್ಗಿನಲ್ಲೇ, ಗುಟ್ಟಾಗಿ ಯಾರನ್ನಾದರೂ ಮಲಗಿಸಿದರೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಎಲ್ಲರೂ ಹಾಗೇ ಮಾಡುತ್ತಿದ್ದಾರೆ.

ಈಗ ನನ್ನ ಮಗಳ ಕಥೆ ಹೇಳುತ್ತೇನೆ. ಅವಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇದ್ದಾಳೆ. ಅವಳ ಮನೆ ಹಿಂದೆಯೂ ಒಂದು ಹಳೇ ಗ್ಯಾರೇಜು, ಬೇಲಿಯಿಂದ ಎರಡೇ ಅಡಿ ದೂರ, ಹೊಸದಾಗಿ ಕಟ್ಟುವುದಾದರೆ ಅಷ್ಟು ಹತ್ತಿರ ಬಿಡುತ್ತಿರಲಿಲ್ಲ. ಅಲ್ಲೂ ಮನೆಗಳ ಕೊರತೆ ಜಾಸ್ತಿ, ಅಲ್ಲೂ ಜನ ಗುಟ್ಟಾಗಿ ಗ್ಯಾರೇಜಿನಲ್ಲಿ ಇರುತ್ತಿದ್ದರು. 2020ರ ಜನವರಿ 1ರಿಂದ ಆ ರಾಜ್ಯದಲ್ಲಿ ಹೊಸ ಕಾನೂನು ಬಂತು. ಈಗಾಗಲೇ ಇರುವ ಗ್ಯಾರೇಜನ್ನು ಮನೆ ಮಾಡಿದರೆ ಅದು ಗಡಿಗೆ ಎಷ್ಟು ಹತ್ತಿರ ಇದ್ದರೂ ಅಲ್ಲೇ ಇರಬಹುದು. ಕಾರಿಗೆ ಬದಲಿ ಜಾಗ ತೋರಿಸಿ ಅಂತ ನಗರಸಭೆ ಕೇಳುವಂತಿಲ್ಲ. ಅರ್ಜಿ ಪೂರ್ತಿ ಇದ್ದರೆ 60 ದಿನದೊಳಗೆ ತೀರ್ಮಾನ ಹೇಳಲೇಬೇಕು. ಹಿತ್ತಲಿನ ಇಂಥ ಚಿಕ್ಕ ಮನೆಗೆ ಅಲ್ಲಿ ಎಡಿಯು ಅಂತ ಹೆಸರು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಎಫ್‌ಎಚ್‌ಎ, ಅಂದರೆ ಗೃಹಸಾಲಕ್ಕೆ ವಿಮೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಇಂಥ ಚಿಕ್ಕ ಮನೆಯ ಬಾಡಿಗೆಯನ್ನೂ ಸಾಲ ಕೇಳುವವರ ಆದಾಯದಲ್ಲಿ ಸೇರಿಸಿಕೊಳ್ಳಲು ಒಪ್ಪಿತು.

ಜಾಗದಲ್ಲಿ ಸಡಿಲ ಬಿಟ್ಟರು, ಆದರೆ ಸುರಕ್ಷತೆಯಲ್ಲಿ ಬಿಡಲಿಲ್ಲ. ನನಗೆ ಹಿಡಿಸಿದ್ದು ಇದು. ನಾನು ಅಲ್ಲಿ ಮೂರು ತಿಂಗಳು ಇದ್ದಾಗಲೇ ಕೆಲಸ ನಡೆಯುತ್ತಿತ್ತು. ಗೋಡೆ ಮುಚ್ಚುವ ಮುಂಚೆ ನಗರಸಭೆಯವರು ಬಂದು ವೈರು, ಪೈಪು ನೋಡಿದರು. ನೆಲದಿಂದ ತೇವ ಏರದ ಹಾಗೆ ಪ್ಲಾಸ್ಟಿಕ್ ಹಾಳೆ ಹಾಕಿಸಿದರು. ಮಲಗುವ ಕೋಣೆಯ ಕಿಟಕಿಯಿಂದ ಮನುಷ್ಯ ಹೊರಗೆ ದಾಟುವಷ್ಟು ಜಾಗ ಇರಬೇಕು, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲೆ ಇರಬಾರದು. ಇನ್ಸ್‌ಪೆಕ್ಟರು ಟೇಪು ಹಿಡಿದು ಅಳೆದರು, 46 ಇಂಚು ಬಂತು. ಎರಡು ಇಂಚಿಗೆ ಕಿಟಕಿ ಕಿತ್ತು ಕೆಳಗೆ ಇಡಿಸಿದರು. ಮಗಳಿಗೆ ಸಿಟ್ಟು ಬಂತು. ನನಗೆ ನಮ್ಮ ನೀಲಿ ಬಣ್ಣದ ಕೋಣೆ, ಆ ಸ್ವಿಚ್ ಬೋರ್ಡು ನೆನಪಾಯಿತು. ಖರ್ಚೇನೂ ಕಡಿಮೆ ಆಗಲಿಲ್ಲ, ಒಂದು ಲಕ್ಷ ಡಾಲರ್ ದಾಟಿತು, ಸುಲಭದ ದುಡ್ಡು ಅಂತ ಯಾರೂ ತಿಳಿಯಬಾರದು. ಆದರೆ ಈಗ ಅಲ್ಲಿ ಇರುವವರ ಹೆಸರಿನಲ್ಲಿ ವಿಳಾಸ ಇದೆ, ಅಂಚೆ ಬರುತ್ತದೆ.

ಅಮೆರಿಕದ ಕಾನೂನು ಪುಣೆಗೆ ಹಾಗೇ ತಂದಿಡಿ ಅಂತ ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರಿನಲ್ಲಿ ಏಕರೂಪದ ಕಟ್ಟಡ ನಿಯಮಾವಳಿ ಬಂತು, ಯುಡಿಸಿಪಿಆರ್ ಅನ್ನುತ್ತಾರೆ. ಎತ್ತರದ ಕಟ್ಟಡಗಳಿಗೆ, ಪುನರಾಭಿವೃದ್ಧಿಗೆ ಅದರಲ್ಲಿ ಎಷ್ಟೊಂದು ಪುಟಗಳಿವೆ. ಹಳೇ ಬಂಗಲೆಯ ಒಂಟಿ ಗ್ಯಾರೇಜಿಗೂ ಒಂದು ಪುಟ ಕೊಡಿ ಅಂತ ರಾಜ್ಯದ ನಗರಾಭಿವೃದ್ಧಿ ಇಲಾಖೆಯನ್ನು, ಪುಣೆ ಮಹಾನಗರಪಾಲಿಕೆಯನ್ನು ಕೇಳುತ್ತೇನೆ. ಈಗಾಗಲೇ ಮಂಜೂರಾದ ನಕ್ಷೆಯಲ್ಲಿರುವ ಗ್ಯಾರೇಜು, ಮಾಲೀಕರು ಅದೇ ಪ್ಲಾಟಿನಲ್ಲಿ ವಾಸ ಇರಬೇಕು, ಒಂದೇ ಅಂತಸ್ತು, ಅದರ ಮೇಲೆ ಇನ್ನೊಂದು ಕಟ್ಟುವಂತಿಲ್ಲ. ನೆಲ 45 ಸೆಂಟಿಮೀಟರ್ ಎತ್ತರ ಕಡ್ಡಾಯ, ಅದಕ್ಕೆ ಬೇಕಾದಷ್ಟು ಮಾಡು ಏರಿಸಲು ಒಪ್ಪಿಗೆ, ಪಕ್ಕದವರ ಕಡೆಗೆ ಕಿಟಕಿ ಇಲ್ಲ. ಮುಗಿದ ಮೇಲೆ ಎಂಜಿನಿಯರ್ ಬಂದು ನೋಡಿ ಸಹಿ ಹಾಕಬೇಕು. ಪ್ರವಾಹದ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗುರುತಿಸುವ ನದಿ ಮತ್ತು ಓಢಾದ ನೀಲಿ ರೇಖೆ, ಕೆಂಪು ರೇಖೆಯ ಒಳಗೆ ಬರುವ ಗ್ಯಾರೇಜಿಗೆ ಒಪ್ಪಿಗೆ ಬೇಡವೇ ಬೇಡ. ನಮ್ಮದೇ ಆ ಗೆರೆಯೊಳಗೆ ಬಿದ್ದರೆ ನಮಗೂ ಬೇಡ, ಗ್ಯಾರೇಜಿನಲ್ಲಿ ಪಾತ್ರೆ ಇಟ್ಟುಕೊಂಡು ಇರುತ್ತೇವೆ.

ಪಾರ್ಕಿಂಗ್ ಏನು ಮಾಡುತ್ತೀರಿ ಅಂತ ನಮ್ಮ ಸೊಸೈಟಿಯವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಗ್ಯಾರೇಜಿನಲ್ಲಿ ಈಗ ಕಾರು ಇಲ್ಲ ಅಂತ ಮೊದಲೇ ಹೇಳಿದೆನಲ್ಲ. ಮತ್ತೆ ಬಾಡಿಗೆಗೆ ಬರುವ ನರ್ಸು, ಓದುವ ಹುಡುಗ ಕಾರು ತರುವುದಿಲ್ಲ, ಹೆಚ್ಚೆಂದರೆ ಒಂದು ಸ್ಕೂಟಿ. 2024ರ ಸೆಪ್ಟೆಂಬರ್ 29ರಿಂದ ಸ್ವಾರಗೇಟಿನವರೆಗೆ ಮೆಟ್ರೋ ಬಂದಿದೆ, ಬಸ್ಸು ಮೊದಲೇ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಬಸ್ಸು ರೈಲಿನ ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ಇದ್ದರೆ ಇಂಥ ಮನೆಗೆ ಪಾರ್ಕಿಂಗ್ ಕೇಳುವುದೇ ಇಲ್ಲ. ನಮ್ಮಲ್ಲೂ ಮೆಟ್ರೋಗೆ ನಡೆದು ಹೋಗುವಷ್ಟು ದೂರದ ಮನೆಗಳಿಂದ ಶುರು ಮಾಡಬಹುದು. ನೀರಿನ ಪ್ರಶ್ನೆಯೂ ಇದೆ. ಒಬ್ಬರು ಹೆಚ್ಚಾದರೆ ಒಬ್ಬರ ನೀರು. ಬಂಗಲೆ ಕೆಡವಿ ಹತ್ತು ಮಹಡಿ ಎದ್ದರೆ ಎಷ್ಟು ನೀರು ಬೇಕು ಅಂತ ಯೋಚಿಸಿ. ಖರ್ಚು ತೂಗಿಸಲು ಆಗದೆ ನಮ್ಮ ಬೀದಿಯಲ್ಲಿ ಮೂರು ಮನೆ ಬಿಲ್ಡರುಗಳ ಕೈಗೆ ಹೋಗಿವೆ. ತಿಂಗಳಿಗೆ ಹತ್ತು ಸಾವಿರ ಬಾಡಿಗೆ ಬಂದಿದ್ದರೆ ಅವರಲ್ಲಿ ಒಬ್ಬ ಅಜ್ಜಿಯಾದರೂ ಉಳಿಯುತ್ತಿದ್ದರು, ಅವರೇ ನನಗೆ ಹಾಗೆ ಹೇಳಿ ಹೋದರು.

ನಿಯಮ ಬದಲಾಗುವುದು ಯಾವಾಗಲೋ. ಅಲ್ಲಿಯವರೆಗೆ ನನಗೆ ಫೋನ್ ಮಾಡಿದ ನಾಲ್ವರಿಗೆ, ಅವರಂಥ ಬೇರೆಯವರಿಗೆ ಒಂದು ಮಾತು. ಗ್ಯಾರೇಜಿಗೆ ಕೈ ಹಾಕುವ ಮುಂಚೆ ನಿಮ್ಮ ಮಂಜೂರಾದ ನಕ್ಷೆ ತೆಗೆದುಕೊಂಡು ಆರ್ಕಿಟೆಕ್ಟ್ ಹತ್ತಿರ ಹೋಗಿ, ಮೇಸ್ತ್ರಿ ಹತ್ತಿರ ಅಲ್ಲ. ಎಲ್ಲರ ಗ್ಯಾರೇಜೂ ನಮ್ಮ ಹಾಗೆ ಗಡಿಗೆ ಅಂಟಿಕೊಂಡಿರುವುದಿಲ್ಲ. ಜಾಗ ಬಿಟ್ಟು ಕಟ್ಟಿದ್ದರೆ, ಎಫ್‌ಎಸ್‌ಐ ಉಳಿದಿದ್ದರೆ, ಕಾರಿಗೆ ಅಂಗಳದಲ್ಲಿ ಜಾಗ ತೋರಿಸಿ ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕುವ ದಾರಿ ಈಗಲೂ ಇದೆ. ಸೊಸೈಟಿಯ ಪ್ಲಾಟಾದರೆ ಅವರ ಒಪ್ಪಿಗೆ ಪತ್ರ ಮೊದಲೇ ಕೇಳಿ. ಆಗಲ್ಲ ಅಂದರೆ ಮನೆಯ ಒಳಗಿನ ಒಂದು ಕೋಣೆ ಕೊಡಿ, ಎತ್ತರದ ನೆಲ ಅಲ್ಲಿ ಆಗಲೇ ಇದೆ.

ಇನ್ನು ಈಗಾಗಲೇ ಯಾರನ್ನೋ ಗ್ಯಾರೇಜಿನಲ್ಲಿ ಇಟ್ಟುಕೊಂಡಿರುವವರು, ನೀವು ಯಾರು ಅಂತ ನನಗೆ ಗೊತ್ತು, ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಭೇಟಿ ಆಗುತ್ತೀರಿ. ಬೈಯಲು ಬರೆಯುತ್ತಿಲ್ಲ. ಈ ಮಳೆಗಾಲಕ್ಕೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ನೆಲದ ಹತ್ತಿರದ ಬೋರ್ಡುಗಳನ್ನೆಲ್ಲ ಎದೆ ಎತ್ತರಕ್ಕೆ ಏರಿಸಿ. ಅರ್ತಿಂಗ್ ನೋಡಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇಷ್ಟಕ್ಕೆ ಒಂದು ತಿಂಗಳ ಬಾಡಿಗೆ ಖರ್ಚಾಗುವುದಿಲ್ಲ. ಓಢಾದ ಹತ್ತಿರ ಇದ್ದರೆ ಆ ಕೋಣೆಯಲ್ಲಿ ಮಳೆಗಾಲದ ರಾತ್ರಿ ಯಾರನ್ನೂ ಮಲಗಿಸಬೇಡಿ, ನಿಮ್ಮ ಹಾಲಿನಲ್ಲಿ ಚಾಪೆ ಹಾಸಿಕೊಡಿ.

ಮತ್ತೆ ಕಾಗದ ಮಾಡಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಒಪ್ಪಂದ, ಅಂದರೆ ಇಂತಿಷ್ಟು ಅವಧಿಗೆ ಅಂತ ಮನೆ ಕೊಡುವ ಒಪ್ಪಂದ, ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು. ಮಾಡಿಸುವ ಜವಾಬ್ದಾರಿ ಮನೆ ಮಾಲೀಕರದು. ಮಾಡಿಸದಿದ್ದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಕಾಗದ ಮಾಡಿದರೆ ಬಾಡಿಗೆಯವರು ಹಕ್ಕು ಹೇಳುತ್ತಾರೆ’ ಅಂತ ನಮ್ಮ ಹಿರಿಯರಿಗೆ ಇನ್ನೂ ಭಯ, ವಾಡೆಗಳ ಕಾಲದ ಭಯ ಅದು. ಈಗ ಉಲ್ಟಾ. ಕಾಗದ ಇಲ್ಲದೆ ಜಗಳ ಬಂದರೆ ಬಾಡಿಗೆಯವರು ಹೇಳಿದ ಷರತ್ತನ್ನೇ ಕಾನೂನು ಮೊದಲು ಒಪ್ಪುತ್ತದೆ, ಅದು ಸುಳ್ಳು ಅಂತ ತೋರಿಸುವ ಭಾರ ನಮ್ಮ ಮೇಲೆ. ಕಾಗದ ಇದ್ದು ಅವಧಿ ಮುಗಿದ ಮೇಲೂ ಬಿಡದಿದ್ದರೆ 24ನೇ ಕಲಮಿನಲ್ಲಿ ಅವರು ದುಪ್ಪಟ್ಟು ಶುಲ್ಕ ಕೊಡಬೇಕಾಗುತ್ತದೆ. ಖರ್ಚೂ ಹೆಚ್ಚಿಲ್ಲ. ಒಟ್ಟು ಬಾಡಿಗೆ ಮತ್ತು ಡೆಪಾಸಿಟ್ಟಿನ ಬಡ್ಡಿ ಲೆಕ್ಕ ಹಾಕಿ ಅದರ 0.25% ಮುದ್ರಾಂಕ ಶುಲ್ಕ. ತಿಂಗಳಿಗೆ 10,000 ಬಾಡಿಗೆಗೆ 11 ತಿಂಗಳಿಗೆ ಮುನ್ನೂರು ರೂಪಾಯಿ ಆಸುಪಾಸು. ನಗರದಲ್ಲಿ ನೋಂದಣಿಗೆ 1,000. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಬಹುದು. ಪೊಲೀಸರಿಗೆ ಬಾಡಿಗೆದಾರರ ಮಾಹಿತಿಯನ್ನೂ ಹಾಗೇ ಕೊಡಬಹುದು. ಸ್ವಂತ ವಾಸದ ರಿಯಾಯಿತಿ ಹೋಗುತ್ತದೆ, ತೆರಿಗೆ ಜಾಸ್ತಿ ಆಗುತ್ತದೆ, ಅದನ್ನು ಬಾಡಿಗೆ ಹೇಳುವ ಮುಂಚೆಯೇ ಲೆಕ್ಕಕ್ಕೆ ಹಿಡಿಯಿರಿ. ಆದಾಯ ತೆರಿಗೆಯಲ್ಲಿ ಬಾಡಿಗೆಯ ಮೇಲೆ 30% ರಿಪೇರಿಗೆ ಅಂತ ಕಳೆಯಲು ಅವಕಾಶ ಇದೆ.

ಆ ಹುಡುಗಿ ಈಗ ಸೋಲಾಪುರದಲ್ಲಿ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು. ಅವಳ ತಂಗಿಗೆ ಪುಣೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆಯಂತೆ. ‘ಅಮ್ಮಾ, ನಿಮ್ಮ ಹಿಂದಿನ ಕೋಣೆ ಖಾಲಿ ಇದೆಯಾ’ ಅಂತ ಕೇಳಿದಳು. ಅಷ್ಟಾದ ಮೇಲೂ ನಮ್ಮನ್ನೇ ಕೇಳಿದಳು. ಆ ಕೋಣೆ ಕೊಡುವುದಿಲ್ಲ ಅಂದೆ. ಮಗಳ ಕೋಣೆ ಮೇಲೆ ಖಾಲಿ ಇದೆ, ಅದನ್ನು ಕೊಡುತ್ತಿದ್ದೇವೆ. ಜೂನ್ ಮೊದಲ ವಾರ ಬರುತ್ತಾಳೆ, ಒಪ್ಪಂದ ಪತ್ರಕ್ಕೆ ಅವಳ ಆಧಾರ್ ಕಾರ್ಡಿನ ಪ್ರತಿ ತರಲು ಹೇಳಿದ್ದೇನೆ.

— ಓದುಗಳೊಬ್ಬಳು, ಸಹಕಾರನಗರ, ಪುಣೆ